ಮೊದಲು ನೀಡ

ಸತ್ತವರನ್ನೆಲ್ಲ ದೇವರು ಮಾಡಿ ಕೂರಿಸುವ ಚಟ ನನಗಿಲ್ಲ. ಮೇಡಂ ದೇವರಲ್ಲ. ಭವಾನಿಪುರಂನ ನಮ್ಮ ಬೀದಿಯಲ್ಲಿ ಅರ್ಧ ಜನ ಅವರು ಬರುವುದು ಕಂಡರೆ ಗೇಟು ಹಾಕಿಕೊಳ್ಳುತ್ತಿದ್ದರು. ಒಬ್ಬರ ಮನೆಗೆ ಹೋದರೆ ಕುರ್ಚಿ ನೋಡಿ ಕೂರಬೇಕು, ಕೊಟ್ಟ ಕಾಫಿ ಕುಡಿಯಬೇಕು. ಇವರು ಗೋಡೆ ನೋಡುವರು. ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ ಅದಕ್ಕೆ ಅಂಗೈ ಇಟ್ಟು ಕಣ್ಣು ಮುಚ್ಚಿ ನಿಲ್ಲುವರು. ಆಮೇಲೆ ಆ ಮನೆಯಾಕೆಗೆ, ನಿಮ್ಮ ಗೀಸರು ಹಳೆಯದು, ನಿಮ್ಮ ಕಿಟಕಿಗೆ ಸಜ್ಜಾ ಇಲ್ಲ, ನಿಮ್ಮ ಫ್ಯಾನು ಕರೆಂಟು ತಿನ್ನುವಷ್ಟು ಗಾಳಿ ಕೊಡುವುದಿಲ್ಲ ಎಂದು ಹೇಳಿ ಬರುವರು. ಕೇಳಿದವರು ಯಾರು? ಯಾರೂ ಇಲ್ಲ.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಹೆಸರು ಹಾಕಿ ಹೊಗಳಿದರೆ ಎದ್ದು ಬಂದು ಬೈದಾರು.

ಅವರ ಅಪ್ಪ ಹಾಸನದ ಕಡೆಯಿಂದ ಕೆಲಸಕ್ಕೆಂದು ವಿಶಾಖಪಟ್ಟಣಕ್ಕೆ ಬಂದವರು. ಮೇಡಂ ಹುಟ್ಟಿದ್ದು, ಓದಿದ್ದು, ಒಂದು ದೊಡ್ಡ ಕಾರ್ಖಾನೆಯಲ್ಲಿ ಇಂಜಿನಿಯರ್ ಆಗಿ ತಲೆ ನೆರೆಸಿಕೊಂಡದ್ದು ಎಲ್ಲ ಅಲ್ಲೇ. ಕಾರ್ಖಾನೆಯಲ್ಲಿ ಎಲ್ಲಿ ಕರೆಂಟು ಪೋಲಾಗುತ್ತದೆ, ಎಲ್ಲಿ ಬಿಸಿ ಸೋರುತ್ತದೆ ಎಂದು ಹುಡುಕಿ ಸರಿಪಡಿಸುವುದು ಅವರ ಕೆಲಸವಾಗಿತ್ತಂತೆ. ರಿಟೈರ್ ಆದ ಮೇಲೆ ವಿಜಯವಾಡದಲ್ಲಿದ್ದ ಅಕ್ಕನ ಜೊತೆ ಇರಲು ನಮ್ಮ ಬೀದಿಗೆ ಬಂದರು. ಮದುವೆ ಆಗಿರಲಿಲ್ಲ. ಯಾಕೆ ಎಂದು ನಾನು ಪರಿಚಯವಾದ ಮೊದಲ ವಾರವೇ ಕೇಳಿದೆ. "ಟೈಮ್ ದೊರಕಲಿಲ್ಲ ಅಂಡಿ" ಎಂದರು. ಅವರ ಕನ್ನಡ ಹಾಗೆ. ಅಜ್ಜಿಯಿಂದ ಕಲಿತದ್ದು, ಅಜ್ಜಿ ಹೋದ ಮೇಲೆ ಬೆಳೆಯಲಿಲ್ಲ. ಹರಿದ ಕಡೆಯಲ್ಲೆಲ್ಲ ತೆಲುಗಿನ ತೇಪೆ. ನೋಡ್ತೀನಿ ಎನ್ನುವುದಕ್ಕೆ ಚೂಸ್ತೀನಿ ಎನ್ನುವರು. ಮರ್ಯಾದೆಗೆ ಮಾತಿಗೊಂದು ಅಂಡಿ, ಅಲ್ಲವೇ ಎನ್ನುವುದಕ್ಕೆ ಮಾತಿಗೊಂದು ಕದಾ. ಆದರೂ ನನ್ನ ಹತ್ತಿರ ಕನ್ನಡವನ್ನೇ ಆಡಬೇಕೆಂದು ಹಟ. ತೆಲುಗಲ್ಲೇ ಹೇಳಿ, ನನಗೆ ಬರುತ್ತದೆ ಎಂದರೂ ಕೇಳರು. ಕನ್ನಡ ಆಡಲು ಅವರಿಗೆ ನನ್ನನ್ನು ಬಿಟ್ಟರೆ ಅಕ್ಕ ಒಬ್ಬರೇ ಇದ್ದರು, ಆಕೆಗೆ ಕಿವಿ ಮಂದ.

ನಮ್ಮ ಊರು ಮದ್ದೂರಿನ ಹತ್ತಿರ. ಯಜಮಾನರು ಇಬ್ರಾಹಿಂಪಟ್ನಂನ ಥರ್ಮಲ್ ಸ್ಟೇಷನ್ನಿನಲ್ಲಿ ಲ್ಯಾಗಿಂಗ್ ಕೆಲಸದಲ್ಲಿದ್ದರು. ಹಬೆ ಹೋಗುವ ಕೊಳವೆಗಳಿಗೆ ಉಣ್ಣೆಯಂಥದ್ದನ್ನು ಸುತ್ತಿ, ಮೇಲೆ ತಗಡು ಹೊದಿಸಿ, ಒಳಗಿನ ಬಿಸಿ ಹೊರಗೆ ಬರದ ಹಾಗೆ ಮಾಡುವುದಕ್ಕೆ ಲ್ಯಾಗಿಂಗ್ ಎನ್ನುತ್ತಾರೆ. ಸರ್ವೀಸು ಮುಗಿಯುವ ಹೊತ್ತಿಗೆ ಭವಾನಿಪುರಂನಲ್ಲಿ ಒಂದೇ ಅಂತಸ್ತಿನ ಮನೆ ಕಟ್ಟಿಕೊಂಡೆವು. ಸೊಸೆ, ಮೊಮ್ಮಗಳು ನಮ್ಮ ಜೊತೆಗೇ. ಮಗನಿಗೆ ವಿಶಾಖಪಟ್ಟಣದ ಔಷಧಿ ಕಂಪನಿಯಲ್ಲಿ ಕೆಲಸ. ಅಲ್ಲೊಂದು ಬಾಡಿಗೆ ಫ್ಲಾಟು, ರಜೆ ಸಿಕ್ಕಿದಾಗ ಇಲ್ಲಿಗೆ.

ಯಜಮಾನರಿಗೆ ಲಕ್ವ ಹೊಡೆದು ಬಲಗಡೆ ಪೂರ್ತಿ ಬಿದ್ದುಹೋಯಿತು. ಮಾತೂ ಹೋಯಿತು. ಹಿಂದಿನ ಕೋಣೆಗೆ ಬಚ್ಚಲು, ಕಕ್ಕಸು ಅಂಟಿಕೊಂಡಿದ್ದರಿಂದ ಮಂಚ ಅಲ್ಲೇ ಹಾಕಬೇಕಾಯಿತು. ಅದು ಪಡುವಣ ಕೋಣೆ, ಮೇಲೆ ಬರೀ ತಾರಸಿ. ವಿಜಯವಾಡದ ಬೇಸಿಗೆ ಕಂಡವರಿಗೆ ಇಷ್ಟು ಹೇಳಿದರೆ ಸಾಕು. ಮೇ ಕೊನೆಯ ರೋಹಿಣಿ ಕಾರ್ತೆಗೆ ಒರಳುಕಲ್ಲೇ ಬಿರಿಯುತ್ತದೆ ಎಂದು ಇಲ್ಲಿಯವರ ಮಾತು. ಮಲಗಿದ ಮನುಷ್ಯ ಯಾವ ಲೆಕ್ಕ? ಮೊದಲ ಬೇಸಿಗೆಯಲ್ಲೇ ಒಂದು ಮಧ್ಯಾಹ್ನ ಮೈ ಕಾದ ಹಂಚಾಗಿ, ಬೆವರು ನಿಂತು, ಕಣ್ಣು ಮೇಲಕ್ಕೆ ಸಿಕ್ಕಿಸಿಕೊಂಡರು. ಬೆಂಜ್ ಸರ್ಕಲ್ ಹತ್ತಿರದ ಆಸ್ಪತ್ರೆಗೆ ಹೊತ್ತುಕೊಂಡು ಹೋದೆವು. ಹೇಗೋ ಉಳಿದರು. ಮನೆಗೆ ಕಳಿಸುವಾಗ ಡಾಕ್ಟರು, ಇನ್ನೊಂದು ಬೇಸಿಗೆ ಅದೇ ಬಿಸಿಯಲ್ಲಿ ಇಟ್ಟರೆ ಇಲ್ಲಿಗೆ ತರುವ ಕೆಲಸವೂ ಇರುವುದಿಲ್ಲ ಎಂದರು. ಮುಖ ಮುರಿದ ಹಾಗೆ ಹೇಳಿದರು, ಸರಿಯಾಗಿಯೇ ಹೇಳಿದರು.

ಮಗ ಏಸಿ ಹಾಕಿಸಿದ. ಹಗಲೆಲ್ಲ ಅದು ಗುರ್ರೆಂದರೂ ಗೋಡೆ ತಣ್ಣಗಾಗಲಿಲ್ಲ. ಕರೆಂಟು ಹೋದರೆ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಕೋಣೆ ಮತ್ತೆ ಕುಲುಮೆ. ಮನೆಯ ವೈರು ಹಳೆಯದು. ಒಂದು ದಿನ ಸ್ವಿಚ್ಚಿನ ಹತ್ತಿರ ಸುಟ್ಟ ವಾಸನೆ ಬಂದು ನಾನೇ ಆರಿಸಿಬಿಟ್ಟೆ. ಮಗ, ಇದಕ್ಕಿಂತ ದೊಡ್ಡದು ಹಾಕಿಸೋಣ, ಅದೂ ಆಗದಿದ್ದರೆ ಬೇಸಿಗೆಗೆ ಮುಂಚೆ ಅಪ್ಪನನ್ನು ನನ್ನ ಫ್ಲಾಟಿಗೆ ಸಾಗಿಸೋಣ ಎಂದ. ಯಜಮಾನರಿಗೆ ಕೇಳಿಸಿತು. ಎಡಗೈಯಿಂದ ಮಂಚದ ಸರಳು ಹಿಡಿದುಕೊಂಡರು. ಬಿಡಿಸಲು ಸೊಸೆ ನಾನು ಇಬ್ಬರೂ ಸೇರಬೇಕಾಯಿತು.

ಮೇಡಂ ನಮ್ಮ ಮನೆಗೆ ಬಂದದ್ದು ಅದೇ ವರ್ಷ ದಸರಾ ಕಳೆದ ಮೇಲೆ. ತಳ್ಳುಗಾಡಿಯವನ ಹತ್ತಿರ ಬೆಂಡೆಕಾಯಿಗೆ ಜಗಳ ಆಡುತ್ತ ನಾನು ಒಂದು ಮಾತು ಕನ್ನಡದಲ್ಲಿ ಬೈದೆ. ಹಿಂದಿನಿಂದ, "ಅದೇ ಬೈಗುಳ ನಮ್ಮ ಅಜ್ಜಿ ಬೈತಿದ್ದರು ಅಂಡಿ" ಎಂದರು. ಹಾಗೆ ಮಾತಾಡುತ್ತ ನನ್ನ ಹಿಂದೆಯೇ ಒಳಗೆ ಬಂದವರು ನೆಟ್ಟಗೆ ಹಿಂದಿನ ಕೋಣೆಗೆ ನಡೆದು, ಗೋಡೆಗೆ ಕೈ ಇಟ್ಟರು. ಮಂಚದ ಮೇಲೆ ಯಜಮಾನರು ಬಾಯಿ ತೆರೆದು ಮಲಗಿದ್ದರು.

"ಅಕ್ಕಾ, ನಿಮ್ಮ ಮನೇಲಿ ಎಂಡ ತುಂಬ ಇದೆ ಅಂಡಿ. ಮಧ್ಯಾಹ್ನ ಶುರುವಾಗುತ್ತೆ ಕದಾ? ಸಾಯಂಕಾಲಕ್ಕೆ ಇನ್ನೂ ಜಾಸ್ತಿ."

ನಮ್ಮ ಊರ ಕಡೆ ಹೆಂಡವನ್ನು ಎಂಡ ಎನ್ನುತ್ತಾರೆ. ತೆಲುಗಿನಲ್ಲಿ ಎಂಡ ಎಂದರೆ ಬಿಸಿಲು. ಇಷ್ಟು ವರ್ಷ ಈ ನೆಲದಲ್ಲಿದ್ದೇನೆ, ನನಗೆ ಗೊತ್ತಿಲ್ಲವೇ? ಅವರು ತೆಲುಗಿನಲ್ಲಿ ಹೇಳಿದ್ದರೆ ಬಿಸಿಲು ಎಂದೇ ಕೇಳುತ್ತಿತ್ತು. ಕನ್ನಡದ ನಡುವೆ ಬಂದದ್ದು ಕನ್ನಡದ ಕಿವಿಗೇ ಬಿತ್ತು.

"ಯಾರಮ್ಮ ನಿಮ್ಗೆ ಯೇಳಿದ್ದು?" ಎಂದೆ. "ನಮ್ಮಟ್ಟೀಲಿ ಅದ ಯಾರೂ ಮೂಸೂ ನೋಡಿಲ್ಲ."

"ಮೂಸೋದಾ? ಎಂಡನಾ?"

"ಮತ್ತೆ? ಇವ್ರು ಲಕ್ವ ಒಡ್ದು ಮಲಗವ್ರೆ. ಕುಡ್ದು ಮಲಗವ್ರೆ ಅನ್ಕಂಡ್ರಾ?"

ಮೇಡಂ ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಆಗ ಮಂಚದಿಂದ ಗೊರಗೊರ ಸದ್ದು ಬಂತು. ಗಂಟಲಿಗೆ ಏನೋ ಸಿಕ್ಕಿತು ಎಂದು ನಾನು ಓಡಿದೆ. ಸಿಕ್ಕಿರಲಿಲ್ಲ. ಯಜಮಾನರು ನಗುತ್ತಿದ್ದರು. ಲಕ್ವ ಹೊಡೆದ ಮೇಲೆ ಅವರು ನಕ್ಕದ್ದು ಅದೇ ಮೊದಲು. ಬಾಯಿ ಒಂದು ಕಡೆಗೇ ಹೋಗುತ್ತಿತ್ತು, ಆದರೂ ನಗುವೇ. ಬಿಸಿಲಿನ ವಿಷಯ ಆಮೇಲೆ ತಿಳಿದು ನಾನೂ ನಕ್ಕೆ. ಮೇಡಂ ಮಾತ್ರ ನಗಲಿಲ್ಲ. "ಒಂದು ಪೂರ್ತಿ ದಿನ ಈ ರೂಮಲ್ಲಿ ಕೂರಬೇಕು. ಯಾವಾಗ ಬರಲಿ ಅಂಡಿ?" ಎಂದರು.

ಮರುದಿನ ಬೆಳಿಗ್ಗೆಯೇ ಬಂದರು. ಕೈಯಲ್ಲಿ ಪೇಪರು, ಎರಡು ಮೋಸಂಬಿ. ಮಧ್ಯಾಹ್ನ ಬರಿಗಾಲಲ್ಲಿ ತಾರಸಿ ಹತ್ತಿ, ಸುಟ್ಟುಕೊಂಡು, ಕೋಳಿ ಹಾಗೆ ಕಾಲೆತ್ತಿ ಕಾಲೆತ್ತಿ ಇಳಿದರು. ಚಪ್ಪಲಿ ಹಾಕಿಕೊಂಡು ಹೋಗಬಾರದೇ ಎಂದರೆ, "ಸ್ಲ್ಯಾಬಿಗೆ ಚಪ್ಪಲಿ ಇದೆಯಾ?" ಎಂದರು. ಮತ್ತೆ ಬಂದು ಕುಳಿತರು. ಅವರು ನಮ್ಮ ಮನೆಗೆ ಮಾಡಿದ್ದರಲ್ಲಿ ದೊಡ್ಡದು ಯಾವುದು ಎಂದು ಯಾರಾದರೂ ಕೇಳಿದರೆ ನಾನು ಮುಂದಿನದನ್ನು ಹೇಳುತ್ತೇನೆ.

ಯಜಮಾನರು ಹಾಸಿಗೆ ಹಿಡಿದ ಮೇಲೆ ನಾವೆಲ್ಲ ಅವರ ಮೇಲಿಂದ ಮಾತಾಡಿಕೊಳ್ಳುತ್ತಿದ್ದೆವು, ಸಾಮಾನು ಸಾಗಿಸುವವರು ಬೀರುವಿನ ಮೇಲಿಂದ ಮಾತಾಡಿಕೊಳ್ಳುವ ಹಾಗೆ. ಆ ಕಡೆ ಎತ್ತು, ಈ ಕಡೆ ಇಡು, ಬಿಸಿಯಾಗಿದೆ, ತಣ್ಣಗಾಗಿದೆ. ಮೇಡಂ ಸಂಜೆಯವರೆಗೆ ಕುಳಿತರೂ ನನ್ನನ್ನು ಕೇಳಲಿಲ್ಲ. ಕುರ್ಚಿ ಮಂಚದ ಹತ್ತಿರ ಎಳೆದುಕೊಂಡು ಅವರನ್ನು ಕೇಳಿದರು. "ಸರ್, ಈ ರೂಮಲ್ಲಿ ಇರೋರು ನೀವು. ಬಿಸಿ ಎಲ್ಲಿಂದ ಬರುತ್ತೆ?"

ಯಜಮಾನರು ಎಡಗೈ ಎತ್ತಿ ಪಡುವಣ ಗೋಡೆ ತೋರಿಸಿದರು.

"ಅದು ಮಧ್ಯಾಹ್ನ. ಹೊತ್ತು ಮುಳುಗಿದ ಮೇಲೆ?"

ಬೆರಳು ನೆತ್ತಿಯ ಮೇಲಿನ ತಾರಸಿಗೆ ಹೋಯಿತು.

"ಇನ್ನೂ ಉಂಟಾ?"

ಬೆರಳು ಹಿಂದಕ್ಕೆ, ತಲೆದಿಂಬಿನ ಆಚೆಯ ಬಾಗಿಲ ಕಡೆಗೆ ತಿರುಗಿತು. ಆ ಬಾಗಿಲ ಪಕ್ಕ, ಹೊರಗೆ, ನಮ್ಮ ಫ್ರಿಜ್ಜು. ಮೇಡಂ ಹೋಗಿ ಅದರ ಬೆನ್ನಿಗೆ ಕೈ ಹಿಡಿದರು. ಹಗಲು ರಾತ್ರಿ ಅದು ಬಿಡುವ ಬಿಸಿಯುಸಿರು ನೇರ ಯಜಮಾನರ ನೆತ್ತಿಗೆ.

ಆ ಫ್ರಿಜ್ಜಿಗೆ ನಾನು ಜಗಳ ಮಾಡಿದೆ. ಅಡುಗೆಮನೆ ಕಿರಿದು, ಬೇರೆ ಜಾಗವಿಲ್ಲ. "ಅದು ಅಲ್ಲಿಂದ ಕದ್ಲಕುಲ್ಲ. ವರಾಂಡದಲ್ಲಿಟ್ರೆ ಆಲು ಒಡ್ದೋಯ್ತದೆ" ಎಂದೆ.

"ಹಾಲು ಒಡೆದರೆ ಇನ್ನೊಂದು ಪ್ಯಾಕೆಟ್ ತರಬಹುದು ಅಂಡಿ. ಸರ್‌ನ ಎಲ್ಲಿಂದ ತರ್ತೀರಿ?"

ಹೀಗೆ ಮಾತಾಡುವವರನ್ನು ಕಂಡರೆ ಬೀದಿಯವರು ಗೇಟು ಹಾಕಿಕೊಳ್ಳದೆ ಏನು ಮಾಡುತ್ತಾರೆ? ಫ್ರಿಜ್ಜು ವರಾಂಡಕ್ಕೆ ಹೋಯಿತು. ಹಾಲು ಒಡೆಯಲಿಲ್ಲ.

ಸಂಕ್ರಾಂತಿಗೆ ಮಗ ಬಂದ. ಬಂದವನೇ ಬೆಂಜ್ ಸರ್ಕಲ್‌ನ ಅಂಗಡಿಯಲ್ಲಿ ಬಹಳ ದೊಡ್ಡ ಏಸಿ ಒಂದಕ್ಕೆ ಮುಂಗಡ ಕೊಟ್ಟು ಬಂದ. ಮೇಡಂ ಆಗಲೇ ಮನೆಯಲ್ಲಿದ್ದರು. ಯಜಮಾನರ ಮಂಚದ ಸುತ್ತ ಎಲ್ಲರನ್ನೂ ಕೂರಿಸಿ, ಏನೇನು ಆಗಬೇಕು, ಯಾವುದರ ಹಿಂದೆ ಯಾವುದು ಎಂದು ಹೇಳಲು ಶುರು ಮಾಡಿದರು.

"ಮೊದಲು ನೀಡ. ಆಮೇಲೆ ಗಾಳಿ. ಯಂತ್ರ ಎಲ್ಲಕ್ಕಿಂತ ಕೊನೆಗೆ."

ನೀಡು ಎಂದರೆ ನಮ್ಮಲ್ಲಿ ಕೊಡುವುದು, ಬಡಿಸುವುದು. ನಾನು ಎರಡನೆಯ ಸಲವೂ ಹಳ್ಳಕ್ಕೆ ಬಿದ್ದೆ. "ಯಾರ್ಗೆ ಏನ ನೀಡ್ಬೇಕು?" ಎಂದೆ.

"ಗೋಡೆಗೆ ಅಂಡಿ. ಗೋಡೆಗೆ ಪೂರ್ತಿ ನೀಡ ಬೇಕು."

"ಗೋಡೆಗೆ ನೀಡದಾ? ಏನ, ಪೂಜೆ ಮಾಡಿ ಎಡೆ ನೀಡ್ಬೇಕಾ?"

ಮೇಡಂಗೆ ಕನ್ನಡದ ಮಾತು ಸಿಗಲಿಲ್ಲ. ನೀಡ, ನೀಡ ಎನ್ನುತ್ತ ಕೈಯನ್ನು ತಲೆಯ ಮೇಲೆ ಕೊಡೆಯ ಹಾಗೆ ಹಿಡಿದು ತೋರಿಸುತ್ತಿದ್ದರು. ಆಶೀರ್ವಾದ ಮಾಡುತ್ತಿದ್ದಾರೆ ಎಂದುಕೊಂಡೆ. ಆಗ ಮಂಚದಿಂದ ಒಂದು ದನಿ.

"ನೆ… ನೆಳ್ಳು."

ಯಜಮಾನರು ನನ್ನನ್ನು ನೋಡಿ ಇನ್ನೊಂದು ಸಲ ಹೇಳಿದರು, ಈ ದಡ್ಡಿಗೆ ಎಷ್ಟು ಸಲ ಹೇಳಬೇಕು ಎನ್ನುವ ಹಾಗೆ. "ನೆಳ್ಳು." ನೆರಳಿಗೆ ನಮ್ಮೂರಿನ ಮಾತು; ತೆಲುಗಿನ ನೀಡ ಎಂದರೂ ಅದೇ. ಎಷ್ಟೋ ತಿಂಗಳ ಮೇಲೆ ಅವರ ಬಾಯಿಂದ ನೆಟ್ಟಗೆ ಬಂದ ಮಾತು ಅದು. ಮಗ ಎದ್ದು ಹೊರಗೆ ಹೋಗಿ ಮುಖ ತೊಳೆದುಕೊಂಡು ಬಂದ. ಮೇಡಂ, "ಹ್ಞಾ, ನೆಳ್ಳು. ಥ್ಯಾಂಕ್ಸ್ ಸರ್" ಎಂದು ಮಾತು ಮುಂದುವರಿಸಿದರು. ಅವರ ಪಾಲಿಗೆ ಅಲ್ಲಿ ಕೆಲಸಗಾರರು ಇಬ್ಬರು ಕೆಲಸದ ಮಾತಾಡುತ್ತಿದ್ದರು, ಅಷ್ಟೇ.

ಮಗ ಏಸಿಯ ಮಾತೆತ್ತಿದ. "ದೊಡ್ಡದೇ ಹಾಕಿದ್ರೆ ಇದೆಲ್ಲ ರಗಳೆ ಯಾಕೆ ಮೇಡಂ?"

ಮೇಡಂ ಯಜಮಾನರ ಕಡೆ ತಿರುಗಿ, "ಸರ್, ಲ್ಯಾಗಿಂಗ್ ಸುತ್ತದೆ ಪೈಪಲ್ಲಿ ಸ್ಟೀಮ್ ಬಿಡ್ತಾರಾ?" ಎಂದರು. ಯಜಮಾನರು ತಲೆಯನ್ನು ದಿಂಬಿನ ಮೇಲೆ ಆ ಕಡೆ ಈ ಕಡೆ ಹೊರಳಿಸಿದ ರಭಸಕ್ಕೆ ದಿಂಬೇ ಕೆಳಗೆ ಬಿತ್ತು. ಮಗ ದಿಂಬು ಎತ್ತಿ ತಲೆಗೆ ಕೊಟ್ಟ. ಮಾರನೆಯ ದಿನ ಹೋಗಿ ದೊಡ್ಡದನ್ನು ಬೇಡ ಎಂದು ಹೇಳಿ ಬಂದ.

ಆಮೇಲೆ ಶಿವರಾತ್ರಿ ಕಳೆಯುವವರೆಗೂ ಮನೆಯಲ್ಲಿ ಕೆಲಸ. ಮೊದಲು ತಾರಸಿಯ ಮೇಲಿನ ಹಳೇ ಸಾಮಾನು ಇಳಿಸಿದರು. ಬಿರುಕು ಮುಚ್ಚಿದ ಮೇಲೆಯೇ ಬಿಳಿ ಬಣ್ಣ. ಬಿರುಕಿನ ಮೇಲೆ ಬಣ್ಣ ಬಳಿದರೆ ಹುಣ್ಣಿನ ಮೇಲೆ ಪೌಡರು ಹಾಕಿದ ಹಾಗೆ ಎಂದರು. ಪಡುವಣ ಗೋಡೆಗೆ ಹೊರಗಡೆಯಿಂದ ಬಿದಿರಿನ ತಡಿಕೆ. ಕೆಲಸದವನು ಅದನ್ನು ಗೋಡೆಗೆ ಅಂಟಿಸಿಯೇ ಕಟ್ಟಿಬಿಟ್ಟಿದ್ದ. ಮೇಡಂ ಬಂದು ತಡಿಕೆಗೂ ಗೋಡೆಗೂ ನಡುವೆ ಕೈ ತೂರಿಸಲು ನೋಡಿದರು. ತೂರಲಿಲ್ಲ. ಎಲ್ಲ ಬಿಚ್ಚಿಸಿ ಮತ್ತೆ ಕಟ್ಟಿಸಿದರು. ನಡುವೆ ಗಾಳಿ ಓಡಾಡದಿದ್ದರೆ ನೆರಳೂ ಬೇಯುತ್ತದಂತೆ. ಕಿಟಕಿಗೂ ಹೊರಗಿನಿಂದಲೇ. ಒಳಗೆ ಒಳ್ಳೆಯ ಪರದೆ ಇದೆಯಲ್ಲ ಎಂದೆ. "ಕಳ್ಳ ಒಳಗೆ ಬಂದ ಮೇಲೆ ಅವನಿಗೆ ಬಟ್ಟೆ ಹೊದಿಸ್ತೀರಾ ಅಕ್ಕಾ?" ಎಂದರು. ಹೊಸ ವೈರು ಎಳೆಸಿದರು, ಕಡಿಮೆ ಕರೆಂಟು ತಿನ್ನುವ ಫ್ಯಾನು, ಅದಕ್ಕೊಂದು ಇನ್ವರ್ಟರು ಹಾಕಿಸಿದರು, ಬಾಗಿಲ ಸಂದಿಗೆ ರಬ್ಬರಿನ ಪಟ್ಟಿ ಅಂಟಿಸಿದರು. ಎಲ್ಲ ಮುಗಿದ ಮೇಲೆ ಹಳೇ ಸಣ್ಣ ಏಸಿಯನ್ನೇ ತೊಳೆಸಿ ಮತ್ತೆ ಹಾಕಿಸಿದರು. "ಇಷ್ಟೇ ಸಾಕು. ಇವಾಗ ಇದು ರೂಮಿಗೆ ಕೆಲಸ ಮಾಡುತ್ತೆ. ಮುಂಚೆ ಸೂರ್ಯನ ಜೊತೆ ಕುಸ್ತಿ ಮಾಡ್ತಿತ್ತು."

ಬೇಸಿಗೆ ಬಂತು. ನಸುಕಿನಲ್ಲಿ ಕಿಟಕಿ ತೆರೆದು, ಬಿಸಿಲೇರುವ ಮುಂಚೆ ಹಾಕಬೇಕು. ದಿನಾ ಬೆಳಿಗ್ಗೆ ಫೋನು. "ಹಾಕಿದ್ರಾ ಅಂಡಿ?" ಹಾಕಿದೆ ಎಂದರೆ ಸಾಕು, ಇಟ್ಟುಬಿಡುವರು. ಹೇಗಿದ್ದೀರಿ, ಊಟ ಆಯಿತೇ, ಅದೆಲ್ಲ ಇಲ್ಲ.

ರೋಹಿಣಿ ಕಾರ್ತೆಯಲ್ಲಿ ಒಂದು ದಿನ ಊಟದ ಹೊತ್ತಿಗೆ ಕರೆಂಟು ಹೋಯಿತು. ಹೊತ್ತು ಇಳಿದರೂ ಬರಲಿಲ್ಲ. ಹಿಂದಿನ ವರ್ಷ ಯಜಮಾನರು ಕಣ್ಣು ಸಿಕ್ಕಿಸಿಕೊಂಡದ್ದು ಅಂಥ ಮಧ್ಯಾಹ್ನವೇ. ನಾನು ಒದ್ದೆ ಬಟ್ಟೆ ಹಿಡಿದು ಮಂಚದ ಪಕ್ಕ ಕುಳಿತೆ, ಸೊಸೆ ಆಟೋದವನ ನಂಬರು ತೆಗೆದಿಟ್ಟುಕೊಂಡಳು. ಇನ್ವರ್ಟರಿನಲ್ಲಿ ಫ್ಯಾನು ಮೆಲ್ಲಗೆ ತಿರುಗುತ್ತಿತ್ತು. ಹಣೆ ಮುಟ್ಟಿ ನೋಡಿದೆ. ಬೆವರಿತ್ತು, ಬಿಸಿ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಗೊರಕೆ ಹೊಡೆಯಲು ಶುರು ಮಾಡಿದರು. ಬಟ್ಟೆ ನನ್ನ ಕೈಯಲ್ಲೇ ಒಣಗಿತು.

ಅಷ್ಟರಲ್ಲಿ ಮೇಡಂ ಆ ಉರಿಯಲ್ಲಿ ಕೊಡೆ ಹಿಡಿದುಕೊಂಡು ಬಂದರು. ಮುಖ ಕೆಂಪಗೆ ಬೆಂದಿತ್ತು. ಗೊರಕೆ ಕೇಳಿದರು. ಗೋಡೆಗೆ ಕೈ ಇಟ್ಟರು. "ಹ್ಞಾ" ಎಂದರು. ಮಜ್ಜಿಗೆ ಕೊಟ್ಟೆ. ಕುಡಿದು, ಉಪ್ಪು ಜಾಸ್ತಿ ಎಂದು ಹೇಳಿ ಹೋದರು.

ಯಜಮಾನರು ಆ ಬೇಸಿಗೆ ದಾಟಿದರು, ಅದರ ಮುಂದಿನದನ್ನೂ ದಾಟಿದರು. ಆಮೇಲೆ ಮಾಗಿಯ ಚಳಿಯಲ್ಲಿ ಒಂದು ಬೆಳಿಗ್ಗೆ, ತಮ್ಮದೇ ಮನೆಯಲ್ಲಿ, ತಮ್ಮದೇ ಮಂಚದ ಮೇಲೆ ಹೋದರು. ಹೋಗುವ ಕಾಯಿಲೆಗೆ ಹೋದರು, ಬಿಸಿಲಿಗೆ ಹೋಗಲಿಲ್ಲ. ಬಂದವರೆಲ್ಲ ನನ್ನನ್ನು ತಬ್ಬಿಕೊಂಡು ಅತ್ತರು. ಮೇಡಂ ಎಲ್ಲರೂ ಹೋದ ಮೇಲೆ ಬಂದರು. ಹಿಂದಿನ ಕೋಣೆಗೆ ಹೋಗಿ, ಬರೀ ಮಂಚದ ಪಕ್ಕ ನಿಂತು, ಗೋಡೆಗೆ ಅಂಗೈ ಇಟ್ಟುಕೊಂಡು ಬಹಳ ಹೊತ್ತು ನಿಂತರು. ಚಳಿಗಾಲದ ಗೋಡೆಯಲ್ಲಿ ಏನಿರುತ್ತದೆ? ಕಾಫಿ ಕೊಟ್ಟೆ, ಅವತ್ತು ಕುಡಿದರು, ಸಕ್ಕರೆಯ ಮಾತೆತ್ತಲಿಲ್ಲ.

ಅವರ ಅಕ್ಕ ತೀರಿದರು. ಅದೇ ವರ್ಷ ಡಾಕ್ಟರು ಇವರಿಗೆ ಹೊಟ್ಟೆಯಲ್ಲಿ ಗಡ್ಡೆ ಎಂದರು. ವಿಶಾಖಪಟ್ಟಣದಲ್ಲೇ ಇದ್ದ ಅವರ ತಮ್ಮ ಬಂದು ಅಲ್ಲಿಗೆ ಕರೆದುಕೊಂಡು ಹೋದ. ಈ ಯುಗಾದಿ ಕಳೆದ ಮೇಲೆ ನಾನು ಮಗನ ಫ್ಲಾಟಿಗೆ ಹೋದಾಗ ನೋಡಲು ಹೋದೆ, ಮಗನನ್ನೂ ಜೊತೆಗೆ ಎಳೆದುಕೊಂಡು. ಮೇಲಿನ ಮಹಡಿ, ತಮ್ಮನ ಬಾಡಿಗೆ ಮನೆ. ಅವರನ್ನು ಮಲಗಿಸಿದ್ದ ಕೋಣೆಗೆ ಕಾಲಿಟ್ಟೆ. ಪಡುವಣ ಕಿಟಕಿ. ಗೋಡೆಯುದ್ದ ಗಾಜು. ಒಳಗೆ ಚೆಂದದ ಪರದೆ. ಪರದೆಯ ಸಂದಿಯಿಂದ ಬಿಸಿಲು ಬಂದು ಅವರ ಎರಡೂ ಪಾದಗಳ ಮೇಲೆ ಕೂತಿತ್ತು. ಮೇಡಂ ಬತ್ತಿಹೋಗಿದ್ದರು. ಕಣ್ಣು ಮುಚ್ಚಿದ್ದರು.

ನಾನು ಗಾಜಿಗೆ ಅಂಗೈ ಇಟ್ಟೆ. ಚುರ್ ಎಂದಿತು.

"ಏನಪ್ಪ, ಇವ್ರು ನಿಮ್ಗೆ ಏನೂ ಯೇಳ್ಲಿಲ್ವಾ?" ಎಂದು ತಮ್ಮನನ್ನು ಕೇಳಿದೆ.

"ಹೇಳಿದ್ರು ಅಂಡಿ. ಹೊರಗಡೆ ಏನೂ ಕಟ್ಟಬಾರದು ಅಂತ ಈ ಬಿಲ್ಡಿಂಗ್ ರೂಲು. ಅಕ್ಕನೇ, ನನ್ನಿಂದ ನಿನಗೆ ಜಗಳ ಬೇಡ, ಬಿಟ್ಟುಬಿಡು ಅಂದ್ರು."

ಬೇರೆಯವರ ಮನೆಗಳಿಗಾಗಿ ಜಗಳ ಆಡಿದವರು ತಮ್ಮದೇ ಪಾದಕ್ಕಾಗಿ ಆಡಲಿಲ್ಲ. ನನಗೆ ಸಿಟ್ಟು ಬಂತು. ಮಗನನ್ನು ಕಳಿಸಿ ಬಿದಿರಿನ ತಡಿಕೆ ತರಿಸಿದೆ. ಹಗ್ಗ, ಕುರ್ಚಿ ತಂದು, ಕಿಟಕಿಯಾಚೆಯ ಕಿರಿದಾದ ಬಾಲ್ಕನಿಯ ಕಂಬಿಗೆ, ಗಾಜಿನಿಂದ ಒಂದು ಗೇಣು ದೂರಕ್ಕೆ ಕಟ್ಟಿಸಿದೆ. ತಮ್ಮ, ಯಾರಾದರೂ ಬಂದರೆ ಏನು ಹೇಳಲಿ ಎಂದ. "ಮಂಡ್ಯ ಕಡೆ ಮುದುಕಿ ಬಂದಿದ್ಲು, ಬೈದು ಕಟ್ಟುಸ್ಬುಟ್ಟು ಓದ್ಲು ಅನ್ನಪ್ಪ" ಎಂದೆ.

ಸದ್ದಿಗೆ ಮೇಡಂ ಕಣ್ಣು ಬಿಟ್ಟಿದ್ದರು. "ಅಕ್ಕಾ, ಏನು ಮಾಡ್ತಿದ್ದೀರಿ?"

"ಮೊದ್ಲು ನೀಡ" ಎಂದೆ.

ಅವರು ತಲೆ ತಿರುಗಿಸಿ ತಡಿಕೆ ನೋಡಿದರು. ಆಮೇಲೆ ನನ್ನದೇ ರಾಗದಲ್ಲಿ, ನಮ್ಮೂರಿನ ಮಾತಿನಲ್ಲಿ, "ಯಾರ್ಗೆ ಏನ ನೀಡ್ಬೇಕು?" ಎಂದರು. ಅವರು ನಕ್ಕದ್ದನ್ನು ನಾನು ಕಂಡದ್ದು ಆವತ್ತೊಂದೇ ದಿನ. ನಗುವಾಗ ಹೊಟ್ಟೆ ಹಿಡಿದುಕೊಳ್ಳಬೇಕಾಯಿತು, ಆದರೂ ನಿಲ್ಲಿಸಲಿಲ್ಲ. ನೆರಳು ಬಂದು ಪಾದದ ಮೇಲೆ ಬಿದ್ದಿತ್ತು. ಒಂದು ಪಾದದಿಂದ ಇನ್ನೊಂದು ಪಾದವನ್ನು ಉಜ್ಜಿಕೊಂಡರು.

ಅವರು ಈ ಬೇಸಿಗೆ ದಾಟಲಿಲ್ಲ. ತಡಿಕೆಯಿಂದ ಗಡ್ಡೆ ಕರಗುವುದಿಲ್ಲ. ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ತಮ್ಮ ಫೋನು ಮಾಡಿ ಹೇಳಿದ. ತಡಿಕೆ ಕೊನೆಯವರೆಗೂ ಇತ್ತಂತೆ, ಯಾರೂ ಬಂದು ಕೇಳಲಿಲ್ಲವಂತೆ.

ಈಗ ಬೆಳಿಗ್ಗೆ ಕಿಟಕಿ ಹಾಕಲು ನೆನಪಿಸುವವರಿಲ್ಲ. ನಾನೇ ಹಾಕುತ್ತೇನೆ. ಮಧ್ಯಾಹ್ನ ಕಳೆದ ಮೇಲೆ ಬೀದಿಯಲ್ಲಿ ಒಂದು ಸುತ್ತು ಹೋಗುತ್ತೇನೆ. ಇತ್ತೀಚೆಗೆ ಜನ ನನ್ನನ್ನು ಕಂಡರೂ ಗೇಟು ಹಾಕಿಕೊಳ್ಳಲು ಶುರು ಮಾಡಿದ್ದಾರೆ. ಹಾಕಿಕೊಳ್ಳಲಿ. ನಮ್ಮ ಎದುರು ಸಾಲಿನ ಮನೆಗಳಿಗೆ ಪಡುವಣ ಗೋಡೆ ಬೀದಿಯ ಕಡೆಗೇ ಇದೆ. ಹೊರಗೆ ನಿಂತೇ ಮುಟ್ಟಬಹುದು.